ಶಾಲೆಯ ಬ್ಯಾಂಡು ಮತ್ತು ಅದರ ವಾದ್ಯಗಳು



ಆಗಸ್ಟ್ ತಿಂಗಳ 15ನೆಯ ತಾರೀಖು ಬೆಳಗ್ಗೆ ನಮ್ಮ ಪಟ್ಟಣಗಳ ಯಾವ ಬೀದಿಯಲ್ಲಿ ನಿಂತರೂ ಒಂದಲ್ಲ ಒಂದು ಶಾಲೆಯ ಬ್ಯಾಂಡಿನ ಧ್ವನಿ ಕಿವಿಗೆ ಬೀಳುವುದು. ದಂಡವನ್ನು ಹಿಡಿದ ಮುಂದಾಳು ಹುಡುಗ, ಅವನ ಹಿಂದೆ ಕಹಳೆಗಳೂ ಡ್ರಮ್ಮುಗಳೂ, ನಡುವೆ ತನ್ನ ಮೈಗಿಂತ ದೊಡ್ಡದಾದ ಬಾಸ್ ಡ್ರಮ್ಮನ್ನು ಎದೆಗೆ ಕಟ್ಟಿಕೊಂಡು ಬೆವರುತ್ತ ಬರುವ ಒಬ್ಬ ಬಾಲಕ. ಈ ನೋಟವನ್ನು ಕಂಡು ಸಂತೋಷಪಡದವರಿಲ್ಲ. ಆದರೆ ಉತ್ಸವ ಮುಗಿದು ಮಕ್ಕಳು ಮಿಠಾಯಿ ತಿಂದು ಮನೆಗೆ ಹೋದ ಮೇಲೆ ಆ ವಾದ್ಯಗಳು ಎಲ್ಲಿಗೆ ಹೋಗುತ್ತವೆ, ಮುಂದಿನ ವರ್ಷದವರೆಗೆ ಅವುಗಳ ಗತಿಯೇನು ಎಂದು ವಿಚಾರಿಸುವವರು ವಿರಳ. ಈ ಹೊತ್ತು ನಾವು ಹೇಳಬೇಕೆಂದಿರುವುದು ಅದನ್ನೆ.

2020ನೆಯ ಇಸವಿ ಮಾರ್ಚ್ ತಿಂಗಳಲ್ಲಿ ಸಾಂಕ್ರಾಮಿಕದ ದೆಸೆಯಿಂದ ಶಾಲೆಗಳು ಮುಚ್ಚಿದುದು ಎಲ್ಲರಿಗೂ ನೆನಪಿರುವುದಷ್ಟೆ. ನಮಗೆ ಪರಿಚಯವಿದ್ದ ಒಂದು ಶಾಲೆಯಲ್ಲಿ ಬ್ಯಾಂಡಿನ ವಾದ್ಯಗಳನ್ನೆಲ್ಲ ಒಂದು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಶಾಲೆ ಮತ್ತೆ ಪೂರ್ತಿಯಾಗಿ ತೆರೆದಾಗ ಬೀಗ ತೆಗೆಯುವ ಹೊತ್ತಿಗೆ ನಾವೂ ಅಲ್ಲಿ ಇದ್ದೆವು. ಕಾರ್ನೆಟ್ಟುಗಳ ಪಿಸ್ಟನ್ನುಗಳು ಅಲುಗಲೊಲ್ಲವು. ಕ್ಲಾರಿಯೊನೆಟ್ಟಿನ ಪ್ಯಾಡುಗಳನ್ನು ಹುಳು ತಿಂದಿತ್ತು. ಡ್ರಮ್ಮುಗಳ ತಿರುಪುಗಳು ತುಕ್ಕಿನಿಂದ ಕಚ್ಚಿಕೊಂಡಿದ್ದವು. ಮುಖ್ಯೋಪಾಧ್ಯಾಯರು ಬೆರಗಾಗಿ, “ಯಾರೂ ಮುಟ್ಟಲೇ ಇಲ್ಲವಲ್ಲ, ಸ್ವಾಮಿ, ಹೇಗೆ ಕೆಟ್ಟುವು?” ಎಂದರು. ಮುಟ್ಟದೆ ಇದ್ದುದರಿಂದಲೇ ಕೆಟ್ಟುವು ಎಂದು ಹೇಳುವುದು ನಮಗೆ ಕಷ್ಟವಾಯಿತು. ಕಾರ್ನೆಟ್ಟನ್ನು ಎರಡು ವರ್ಷ ಕಲಿತಿದ್ದ ಒಬ್ಬ ಹುಡುಗನ ಕೈಗೆ ಆ ವರ್ಷ ತಾಳವನ್ನು ಕೊಟ್ಟರು. ಅವನ ತಂದೆ ಗಾರೆ ಕೆಲಸದವರು; ಮಗನಿಗೆ ಬೇರೊಂದು ವಾದ್ಯವನ್ನು ಕೊಂಡುಕೊಡುವ ಶಕ್ತಿ ಅವರಿಗೆಲ್ಲಿಂದ ಬರಬೇಕು? ಉಳ್ಳವರ ಮಕ್ಕಳು ಮನೆಯಲ್ಲಿ ಪಿಯಾನೊ ಕಲಿತಾರು, ಪಿಟೀಲು ಕಲಿತಾರು. ಇಂಥ ಹುಡುಗನಿಗೆ ಶಾಲೆಯ ಬೀರುವೇ ಗತಿ.

ವಾದ್ಯವು ಒಳಗಿನಿಂದ ಕೆಡುವ ವಸ್ತುವೆಂಬುದನ್ನು ಮೊದಲು ತಿಳಿಯತಕ್ಕುದು. ಕಾರ್ನೆಟ್ಟು, ಟ್ರಂಪೆಟ್ಟು ಮೊದಲಾದುವು ಹಿತ್ತಾಳೆಯವು. ಹಿತ್ತಾಳೆ ಎಂದರೆ ತಾಮ್ರವೂ ಸತುವೂ ಸೇರಿದ ಮಿಶ್ರಲೋಹ. ಊದುವವನ ಉಸಿರಿನ ಆವಿಯು ತಣ್ಣನೆಯ ಕೊಳವೆಯ ಗೋಡೆಗೆ ತಗಲಿ ನೀರಾಗುತ್ತದೆ. ನೋಡುವವರು ಅದನ್ನು ಎಂಜಲೆಂದು ಹೇಸುವುದುಂಟು. ಅದರಲ್ಲಿ ಬಹುಪಾಲು ಆವಿಯ ನೀರೇ. ಆ ನೀರು, ಉಂಡ ಬಾಯಿಂದ ಹೋದ ಕೊಳೆಯೊಡನೆ ಕೊಳವೆಯಲ್ಲಿಯೇ ನಿಂತರೆ, ಕಾಲಕ್ರಮದಲ್ಲಿ ಸತುವು ಕರಗಿ ತಾಮ್ರ ಮಾತ್ರ ಉಳಿಯುವುದು. ಹೊರಗೆ ಕಾಣುವ ಸಣ್ಣ ಕೆಂಪು ಚುಕ್ಕೆಗಳು ಈ ರೋಗದ ಗುರುತು. ಅದು ಮುಂದುವರಿದರೆ ಲೋಹದಲ್ಲಿ ಸೂಜಿಮೊನೆಯಷ್ಟು ರಂಧ್ರ ಬೀಳುವುದು. ಇದಕ್ಕೆ ಪರಿಹಾರ ಬಹು ಸುಲಭ. ನುಡಿಸಿದ ಮೇಲೆ ನೀರನ್ನು ಬಿಡುವ ಕೀಲಿಯನ್ನೊತ್ತಿ ಊದಿ ಹೊರಹಾಕುವುದು. ನುಡಿಸುವುದಕ್ಕೆ ಮುಂಚೆ ಬಾಯಿ ಮುಕ್ಕಳಿಸುವುದು. ತಿಂಗಳಿಗೊಮ್ಮೆಯಾದರೂ ಪಿಸ್ಟನ್ನುಗಳನ್ನು ತೆಗೆದಿಟ್ಟು ಕೊಳವೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯುವುದು. ನೀರು ಬಿಸಿಯಾಗಿರಕೂಡದು, ಮೇಲಿನ ಮೆರುಗೆಣ್ಣೆಯ ಲೇಪ ಎದ್ದುಹೋಗುವುದು.

ಈ ಲೇಪದ ವಿಷಯದಲ್ಲಿ ನಮ್ಮ ಗೃಹಿಣಿಯರ ಜಾಣ್ಮೆಯೂ ಕೆಲಸಕ್ಕೆ ಬಾರದು. ಹಿತ್ತಾಳೆಯ ಚೆಂಬನ್ನು ಹುಣಸೇಹಣ್ಣಿನಿಂದ ತಿಕ್ಕಿದರೆ ಹೊಳೆಯುವುದು ನಿಜ. ಉತ್ಸವದ ಹಿಂದಿನ ದಿನ ಜವಾನನಿಂದ ಟ್ರಂಪೆಟ್ಟನ್ನೂ ಹಾಗೆಯೇ ತಿಕ್ಕಿಸಿದ ಶಾಲೆಗಳನ್ನು ನಾವು ಬಲ್ಲೆವು. ಮರುದಿನ ಅದು ಚಿನ್ನದಂತೆ ಹೊಳೆದುದೂ ಉಂಟು; ಮುಂದಿನ ಮಳೆಗಾಲಕ್ಕೆ ಲೇಪವಿಲ್ಲದೆ ಕಪ್ಪಾದುದೂ ಉಂಟು. ಒಣಗಿದ ಮೆತ್ತನೆಯ ಬಟ್ಟೆಯೊಂದೇ ಸಾಕು.

ಇದಕ್ಕಿಂತ ಹೆಚ್ಚು ಕೇಡನ್ನು ಮಾಡಿರುವುದು ಕೊಬ್ಬರಿ ಎಣ್ಣೆ. ಪಿಸ್ಟನ್ನಿಗೂ ಅದು ಓಡಾಡುವ ಗೂಡಿಗೂ ನಡುವಣ ಅಂತರ ಕೂದಲೆಳೆಗಿಂತಲೂ ಕಿರಿದು. ಅಷ್ಟರಲ್ಲಿ ಅದು ತಡೆಯಿಲ್ಲದೆ ಏರಿ ಇಳಿಯಬೇಕಾದರೆ, ಅದಕ್ಕೆಂದೇ ತಯಾರಾದ ತೆಳ್ಳನೆಯ ಎಣ್ಣೆ ಬೇಕು. ಕೊಬ್ಬರಿ ಎಣ್ಣೆಯಾದರೋ ಸುಮಾರು 24 ಡಿಗ್ರಿ ಸೆಂಟಿಗ್ರೇಡಿಗೆ ಹೆಪ್ಪುಗಟ್ಟುವ ಪದಾರ್ಥ. ಜನವರಿ 26ನೆಯ ತಾರೀಖಿನ ಬೆಳಗ್ಗೆ ಮೈಸೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಎಷ್ಟು ಚಳಿಯಿರುವುದೆಂದು ಹೇಳಬೇಕಾಗಿಲ್ಲ. ಹಿಂದಿನ ಸಂಜೆ ಚೆನ್ನಾಗಿ ನುಡಿಯುತ್ತಿದ್ದ ವಾದ್ಯವು ಧ್ವಜಾರೋಹಣದ ಸಮಯಕ್ಕೆ ಸರಿಯಾಗಿ ಮುಷ್ಕರ ಹೂಡುವುದು. ರಾಷ್ಟ್ರಗೀತೆಯ ಪೂರ್ಣ ಪಾಠಕ್ಕೆ ಹಿಡಿಯುವ ಕಾಲ ಸುಮಾರು 52 ಸೆಕೆಂಡು ಮಾತ್ರ. ಆ 52 ಸೆಕೆಂಡಿನಲ್ಲಿ ಸಿಕ್ಕಿಕೊಂಡ ಪಿಸ್ಟನ್ನನ್ನು ಒತ್ತುತ್ತ ನಿಂತ ಮಗುವಿನ ಮುಖವನ್ನು ನೋಡಿದವರು ಆ ಎಣ್ಣೆಯನ್ನು ತಲೆಗೂ ಅಡಿಗೆಗೂ ಬಿಟ್ಟು ಬೇರೊಂದಕ್ಕೆ ಉಪಯೋಗಿಸಲಾರರು.

ಪಿಸ್ಟನ್ನುಗಳಿಗೆ 1, 2, 3 ಎಂದು ಅಂಕಿಗಳನ್ನು ಕೆತ್ತಿರುವುದು ಸುಮ್ಮನೆ ಅಲ್ಲ. ಎರಡನೆಯದು ಸ್ವರವನ್ನು ಅರ್ಧ ಸ್ಥಾನ ಇಳಿಸಿದರೆ, ಒಂದನೆಯದು ಒಂದು ಸ್ಥಾನ, ಮೂರನೆಯದು ಒಂದೂವರೆ ಸ್ಥಾನ ಇಳಿಸುವುದು. ಒಂದರ ಗೂಡಿಗೆ ಮತ್ತೊಂದನ್ನಿಟ್ಟರೆ ಗಾಳಿಯ ದಾರಿಯೇ ಮುಚ್ಚಿಹೋಗಿ ವಾದ್ಯ ಮೂಕವಾಗುವುದು. ಮಗುವು ತನ್ನ ಉಸಿರೇ ಸಾಲದೆಂದು ಕಂಗೆಡುವುದು. ಇನ್ನು ಊದುವ ಮೌತ್‌ಪೀಸು ಸಿಕ್ಕಿಕೊಂಡಾಗ ಇಕ್ಕಳ ಹಿಡಿದು ತಿರುಚುವ ಮೇಷ್ಟರುಗಳೂ ಇದ್ದಾರೆ. ಮೌತ್‌ಪೀಸೇನೋ ಬರುವುದು, ಅದರೊಡನೆ ಬೆಸುಗೆಯೂ ಬಿಟ್ಟುಬರುವುದು. ಅದನ್ನು ಎಳೆದು ತೆಗೆಯುವುದಕ್ಕೆ ಬೇರೆಯೇ ಒಂದು ಸಲಕರಣೆಯಿದೆ, ಶಾಲೆಗೊಂದಿದ್ದರೆ ಸಾಕು.

ಕ್ಲಾರಿಯೊನೆಟ್ಟಿನ ಸ್ವಭಾವ ಇನ್ನೂ ಸೂಕ್ಷ್ಮ. ಉತ್ತಮ ಜಾತಿಯದನ್ನು ಆಫ್ರಿಕದ ಕರಿಮರದಿಂದ ಮಾಡುವರು. ಒಳಗೆ ಉಸಿರಿನ ತೇವ, ಹೊರಗೆ ಬೇಸಿಗೆಯ ಒಣಗಾಳಿ, ಇವೆರಡರ ನಡುವೆ ಮರ ಬಿರಿಯುವುದು. ಆದುದರಿಂದ ಶಾಲೆಗೆ ಪ್ಲಾಸ್ಟಿಕ್ಕಿನದೇ ಮೇಲೆಂದು ನಮ್ಮ ಅಭಿಪ್ರಾಯ. ಶಾಸ್ತ್ರಜ್ಞರು ಮೂಗು ಮುರಿದರೆ ಮುರಿಯಲಿ. ನುಡಿಸಿದ ಕೂಡಲೆ ದಾರಕ್ಕೆ ಕಟ್ಟಿದ ಬಟ್ಟೆಯನ್ನು ಒಳಗಿನಿಂದ ಎಳೆದು ತೇವವನ್ನು ತೆಗೆಯಬೇಕು. ಬೆತ್ತದಂಥ ಜೊಂಡಿನಿಂದ ಮಾಡಿದ ರೀಡನ್ನು ಕಳಚಿ ಮಟ್ಟಸವಾದ ಜಾಗದಲ್ಲಿ ಒಣಗಿಸಬೇಕು. ಒಬ್ಬರ ರೀಡನ್ನಾಗಲಿ ಮೌತ್‌ಪೀಸನ್ನಾಗಲಿ ಮತ್ತೊಬ್ಬರು ಬಾಯಿಗಿಡಕೂಡದು. ಒಂದು ವಾದ್ಯವನ್ನು ಇಬ್ಬರು ಮಕ್ಕಳು ಹಂಚಿಕೊಳ್ಳಬೇಕಾದ ಬಡ ಶಾಲೆಯಲ್ಲಿಯೂ ಮೌತ್‌ಪೀಸು ಮಾತ್ರ ಎರಡಿರಲಿ.

ಡ್ರಮ್ಮುಗಳ ವಿಷಯವನ್ನು ಸಂಕ್ಷೇಪವಾಗಿ ಹೇಳುವೆವು. ಹಿಂದೆ ಅವಕ್ಕೆ ಕರುವಿನ ಚರ್ಮವನ್ನು ಬಿಗಿಯುತ್ತಿದ್ದರು. ಮಳೆಗಾಲದಲ್ಲಿ ಅದು ಸಡಿಲವಾಗುತ್ತಿತ್ತು. 1950ರ ದಶಕದಿಂದೀಚೆಗೆ ಪ್ಲಾಸ್ಟಿಕ್ಕಿನ ಹಾಳೆ ಬಂದು ಆ ತೊಂದರೆ ತಪ್ಪಿತು. ಆದರೆ ತಿರುಪುಗಳನ್ನು ಒಂದು ಕಡೆಯಿಂದ ಸುತ್ತುತ್ತ ಬಿಗಿಯುವ ಅಭ್ಯಾಸ ಮಾತ್ರ ತಪ್ಪಿಲ್ಲ. ಹಾಗೆ ಮಾಡಿದರೆ ಅಂಚು ಓರೆಯಾಗುವುದು. ಒಂದನ್ನು ಸ್ವಲ್ಪ ಬಿಗಿದು, ಅದಕ್ಕೆ ಎದುರಿನದನ್ನು ಅಷ್ಟೇ ಬಿಗಿದು ಮುಂದುವರಿಯಬೇಕು. ನಮ್ಮ ಮೃದಂಗದ ವಿದ್ವಾಂಸರು ಕಚೇರಿಗೆ ಮುಂಚೆ ಅಂಚಿನ ಸುತ್ತಲೂ ತಟ್ಟಿ ನೋಡುವ ತಾಳ್ಮೆಯನ್ನು ಇಲ್ಲಿಯೂ ತೋರಿಸಿದರೆ ಡ್ರಮ್ಮಿಗೂ ಒಂದು ನಾದವುಂಟೆಂದು ಗೊತ್ತಾಗುವುದು.

ಇಷ್ಟು ರಕ್ಷಣೆಯ ಮಾತಾಯಿತು. ಕೊಳ್ಳುವ ವಿಚಾರದಲ್ಲಿ ಶಾಲೆಗಳು ಮಾಡುವ ತಪ್ಪು ಸಾಮಾನ್ಯವಾಗಿ ಒಂದೇ. ದಾನಿಯೊಬ್ಬರು ಹಣ ಕೊಡುತ್ತಾರೆ. ಹಣವೆಲ್ಲ ಒಂದೇ ದಿನ ವಾದ್ಯವಾಗಿಬಿಡುತ್ತದೆ. ಕಲಿಸುವವರನ್ನು ಆಮೇಲೆ ಹುಡುಕುತ್ತಾರೆ. ಮೊದಲು ಉಪಾಧ್ಯಾಯರು, ಆಮೇಲೆ ವಾದ್ಯ. ಹಣದಲ್ಲಿ ಹತ್ತನೆಯ ಒಂದು ಪಾಲನ್ನಾದರೂ ಎಣ್ಣೆಗೆ, ಪ್ಯಾಡಿಗೆ, ರೀಡಿಗೆ, ಪೆಟ್ಟಿಗೆಗೆ, ದುರಸ್ತಿಗೆ ಎಂದು ತೆಗೆದಿರಿಸಬೇಕು. ಉತ್ತರದ ಮೀರತ್ ಪಟ್ಟಣದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಬ್ಯಾಂಡಿನ ವಾದ್ಯಗಳನ್ನು ತಯಾರಿಸುತ್ತಿರುವುದರಿಂದ ಸಾಧಾರಣ ಬೆಲೆಗೆ ಅವು ದೊರೆಯುತ್ತವೆ. ಹಳೆಯ ವಾದ್ಯ ಅಗ್ಗವೆಂದು ಕೊಳ್ಳುವಾಗ ಮಾತ್ರ ಶ್ರುತಿಯನ್ನು ನೋಡಬೇಕು. ಹಿಂದಿನ ಬ್ರಿಟಿಷ್ ಸೈನಿಕ ಬ್ಯಾಂಡುಗಳ ಶ್ರುತಿ ಸೆಕೆಂಡಿಗೆ 452 ಕಂಪನಗಳಷ್ಟು ಎತ್ತರದಲ್ಲಿತ್ತು. 1939ರಲ್ಲಿ ಲಂಡನ್ನಿನ ಸಮ್ಮೇಳನವು ಒಪ್ಪಿದುದು 440. ಈ ಎರಡು ಕಾಲದ ವಾದ್ಯಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಮಕ್ಕಳನ್ನು ಎಷ್ಟು ಗದರಿಸಿದರೂ ಶ್ರುತಿ ಸೇರದು.

ಇಷ್ಟು ಶ್ರಮವೇಕೆ ಎಂದು ಕೇಳುವವರಿಗೆ ಒಂದು ಸಂಗತಿಯನ್ನು ನೆನಪಿಸುವೆವು. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ನಾಗಸ್ವರದ ಮನೆಯಲ್ಲಿ 1949ರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಅದಕ್ಕೆ ಮನಸೋತರು. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತನು 1846ರಲ್ಲಿ ಹಕ್ಕುಪತ್ರ ಪಡೆದ ಆ ವಾದ್ಯದಲ್ಲಿ ಅವರು ಕರ್ಣಾಟಕ ಸಂಗೀತವನ್ನು ನುಡಿಸಿ, 2019ರಲ್ಲಿ ತೀರಿಕೊಳ್ಳುವವರೆಗೂ ದೇಶ ವಿದೇಶಗಳ ರಸಿಕರನ್ನು ತಣಿಸಿದರು. ಅವರು ಕೇಳಿದ ಆ ದಿನ ಅರಮನೆಯ ವಾದ್ಯದ ಒಂದು ಪ್ಯಾಡು ಸಡಿಲವಾಗಿದ್ದು, ಅದು ಬರಿಯ ಕೀಚಲು ಧ್ವನಿ ಮಾಡಿದ್ದರೆ ಏನಾಗುತ್ತಿತ್ತೋ! ಅದಕ್ಕೆ ಎಣ್ಣೆ ಹಾಕಿ ಒರೆಸಿಟ್ಟಿದ್ದವರ ಹೆಸರು ನಮಗೆ ತಿಳಿಯದು.

ಆ ಶಾಲೆಯ ಬೀರುವಿನ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಕಚ್ಚಿಕೊಂಡಿದ್ದ ಕಾರ್ನೆಟ್ಟುಗಳಲ್ಲಿ ಎರಡನ್ನು ಒಬ್ಬ ಕುಶಲ ಕೆಲಸಗಾರರು ಬಿಡಿಸಿಕೊಟ್ಟರು. ಈಗ ಅಲ್ಲಿ ಬೀಗವಿಲ್ಲ, ಒಂದು ಪುಸ್ತಕವಿದೆ. ಅದರಲ್ಲಿ ಪ್ರತಿಯೊಂದು ವಾದ್ಯದ ಸಂಖ್ಯೆ, ಅದನ್ನು ನೋಡಿಕೊಳ್ಳುವ ಮಗುವಿನ ಹೆಸರು, ತೊಳೆದ ತಾರೀಖು, ಎಣ್ಣೆ ಹಾಕಿದ ತಾರೀಖು ಇವೆಲ್ಲ ಮಕ್ಕಳ ಕೈಬರಹದಲ್ಲಿಯೇ ಇವೆ. ರಜೆ ಬಂದರೆ ತಂದೆತಾಯಿಗಳ ರುಜು ಪಡೆದು ವಾದ್ಯವನ್ನು ಮನೆಗೆ ಕಳುಹಿಸುತ್ತಾರೆ. ಕಳೆದುಹೋದೀತೆಂದು ಮೊದಲು ಹೆದರಿದವರು ಮುಖ್ಯೋಪಾಧ್ಯಾಯರೇ. ಇದುವರೆಗೆ ಕಳೆದುಹೋಗಿರುವುದು ಒಂದು ಜೊತೆ ಡ್ರಮ್ಮಿನ ಕೋಲು.