ಬೆಳೆಯದೆ ಬದುಕಿರುವ ಅಣುಜೀವಿಗಳು



ನೀರಿನ ಪರೀಕ್ಷೆಯ ವರದಿಯಲ್ಲಿ 'ರೋಗಾಣು ಬೆಳೆಯಲಿಲ್ಲ' ಎಂದಿದ್ದರೆ ನಾವೆಲ್ಲ 'ರೋಗಾಣು ಇಲ್ಲ' ಎಂದೇ ಓದಿಕೊಳ್ಳುತ್ತೇವೆ. ಇವೆರಡೂ ಒಂದೇ ಅಲ್ಲವೆಂಬುದನ್ನು ಕಾಲರಾ ಬೇನೆಯ ಕಥೆಯಿಂದ ತಮ್ಮಲ್ಲಿ ಅರಿಕೆಮಾಡಬೇಕೆಂದಿದ್ದೇವೆ.

ಕಾಲರಾ ರೋಗಾಣುವನ್ನು 1884ರಲ್ಲಿ ಕಲ್ಕತ್ತೆಯಲ್ಲಿ ಬೇರ್ಪಡಿಸಿ ಬೆಳೆಸಿದವನು ಜರ್ಮನಿಯ ರಾಬರ್ಟ್ ಕಾಖ್. ಅಲ್ಲಿಂದೀಚೆಗೆ ಪರೀಕ್ಷೆಯೆಂದರೆ ಬೆಳೆಸಿ ನೋಡುವುದೇ. ಪೋಷಕಾಂಶ ಬೆರೆಸಿದ ಅಗರಿನ ಮೇಲೆ ನೀರನ್ನು ಸವರಿ, ಬೆಚ್ಚಗಿಟ್ಟು, ಮರುದಿನ ಚುಕ್ಕೆ ಮೂಡಿತೇ ಎಂದು ನೋಡುತ್ತಾರೆ. ರಾತ್ರಿ ಹೆಪ್ಪು ಹಾಕಿ ಬೆಳಿಗ್ಗೆ ಮೊಸರಾಯಿತೇ ಎಂದು ನೋಡಿದ ಹಾಗೆ. ಆದರೆ ಬಂಗಾಳದಲ್ಲಿ ಒಂದು ಒಗಟು ಉಳಿದಿತ್ತು. ಬೇನೆ ಅಡಗಿದ ತಿಂಗಳುಗಳಲ್ಲಿ ಕೊಳದ ನೀರನ್ನು ಪರೀಕ್ಷಿಸಿದರೆ ಚುಕ್ಕೆಯೇ ಮೂಡದು. ಕಾಲ ಬಂತೆಂದರೆ ಬೇನೆ ಮತ್ತೆ ಹಾಜರು! ಅಷ್ಟು ದಿನ ರೋಗಾಣು ಎಲ್ಲಿತ್ತು?

ನೀರಿನಲ್ಲೇ ಇತ್ತು. ಬೇಸಗೆಯಲ್ಲಿ ಕೆರೆಯ ಕೆಸರಿನೊಳಗೆ ಹುದುಗಿದ ಕಪ್ಪೆಯಂತೆ ಬದುಕಿತ್ತು. ಅಗರಿನ ಮೇಲೆ ಮಾತ್ರ ಬೆಳೆಯಲೊಲ್ಲದು. ಇದನ್ನು 1982ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಮೇರಿಲ್ಯಾಂಡಿನ ರೀಟಾ ಕಾಲ್ವೆಲ್ ಮತ್ತು ಅವರ ಸಂಗಡಿಗರು. 'ಬೆಳೆಸಲಾಗದ ಜೀವಿ' ಎಂಬ ಹೆಸರು ರೂಢಿಗೆ ಬಂದಿದೆ. ನಮಗದು ಅಷ್ಟಾಗಿ ಒಪ್ಪದು. ಬೆಳೆಸಲು ಬಾರದ್ದು ನಮಗೆ, ದೋಷ ಜೀವಿಯದೇ?

ಹಾಗಾದರೆ ಬೆಳೆಯದ್ದು ಬದುಕಿದೆಯೆಂದು ತಿಳಿಯುವುದು ಹೇಗೆ? ಜಪಾನಿನ ಕೊಗುರೆ ಮೊದಲಾದವರು 1979ರಲ್ಲಿ ಒಂದು ಸೊಗಸಾದ ಉಪಾಯ ಹೂಡಿದರು. ನೀರಿಗೆ ಯೀಸ್ಟಿನ ಸಾರವನ್ನು ಉಣಿಸಾಗಿ ಬೆರೆಸಿದರು. ಜೊತೆಗೆ ಜೀವಕೋಶ ಎರಡಾಗಿ ಒಡೆಯದಂತೆ ತಡೆಯುವ ನಲಿಡಿಕ್ಸಿಕ್ ಆಮ್ಲವನ್ನೂ ಹಾಕಿದರು. ಬದುಕಿರುವುದು ಉಣ್ಣುತ್ತದೆ, ಒಡೆಯಲಾರದೆ ಉದ್ದಕ್ಕೆ ಬೆಳೆಯುತ್ತದೆ. ಸತ್ತದ್ದು ಇದ್ದಂತೆಯೇ ಇರುತ್ತದೆ. ಹೊಳೆಯುವ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉದ್ದವಾದವನ್ನು ಎಣಿಸಬಹುದು. ಅವುಗಳಲ್ಲಿ ಕಾಲರಾದ್ದು ಯಾವುದೆಂದು ಗುರುತಿಸಲು, ಅದಕ್ಕೊಂದಕ್ಕೇ ಅಂಟುವ ಪ್ರತಿಕಾಯಕ್ಕೆ ಹೊಳಪು ಕಟ್ಟಿ ಬಿಡುತ್ತಾರೆ. ಜೀನುಗಳನ್ನು ಹುಡುಕುವ ಈಚಿನ ಪರೀಕ್ಷೆ ಬಲು ಚುರುಕು. ಆದರೆ ಸತ್ತ ಅಣುವಿನ ಜೀನೂ ಅದಕ್ಕೆ ಸಿಕ್ಕುವುದರಿಂದ, ಸತ್ತದ್ದು ಯಾವುದು, ಬದುಕಿದ್ದು ಯಾವುದು ಎಂದು ಅದೊಂದರಿಂದಲೇ ಹೇಳಲಾಗದು.

ಈ ಹೊಳಪಿನ ವಿಧಾನದಿಂದ ಬಾಂಗ್ಲಾದೇಶದ ಕೊಳಗಳಲ್ಲಿ ಹುಡುಕಿದಾಗ, ಕಾಲರಾದ ಅಣುಗಳು ನೀರಿನ ಪುಟ್ಟ ಜಂತುಗಳ ಮೈಗೆ ಅಂಟಿಕೊಂಡಿರುವುದು ಕಂಡಿತು. ಜಂತುವನ್ನು ತಡೆದರೆ ಅಣುವನ್ನೂ ತಡೆದಂತಾಯಿತಲ್ಲ! ಮತ್ಲಬ್ ಎಂಬಲ್ಲಿಯ ಹಳ್ಳಿಗಳ ಹೆಂಗಸರು ಹಳೆಯ ಹತ್ತಿ ಸೀರೆಯನ್ನು ಹಲವು ಪದರ ಮಡಿಸಿ ಕೊಡದ ಬಾಯಿಗಿಟ್ಟು ನೀರು ಸೋಸಿದರು. ಅಲ್ಲಿ ಕಾಲರಾ ಶೇಕಡ 48ರಷ್ಟು ಇಳಿಯಿತೆಂದು 2003ರಲ್ಲಿ ಪ್ರಕಟವಾಯಿತು. ನಮ್ಮ ತಾಯಂದಿರೂ ಸೀರೆಯ ತುಂಡಿನಲ್ಲಿಯೇ ನೀರು ಸೋಸಿದವರು. ಹೊಸದಕ್ಕಿಂತ ಒಗೆದೊಗೆದು ಹಳತಾದ ಸೀರೆಯೇ ಮೇಲು. ನೂಲು ಸಡಿಲಿ ಹರಡಿ ಕಂಡಿಗಳು ಕಿರಿದಾಗಿರುತ್ತವೆ. ಸೋಸಿದ ಮೇಲೂ ನೀರನ್ನು ಕುದಿಸತಕ್ಕದ್ದೇ. ಯಾವ ಜಂತುವಿಗೂ ಅಂಟದೆ ಒಂಟಿಯಾಗಿ ತೇಲುವ ಅಣು ಆ ಕಂಡಿಯಲ್ಲಿ ನಿರಾತಂಕವಾಗಿ ನುಸುಳುತ್ತದೆ.