ರಾಖೇಲಳ ಗೋಳು ಮತ್ತು ಮನೆಯ ಕೋವಿ

ಮುಗ್ಧ ಮಕ್ಕಳ ಹಬ್ಬದ ಪ್ರಬೋಧನೆ, ಡಿಸೆಂಬರ್ 28
ಶುಭಸಂದೇಶ: ಮತ್ತಾಯ 2:13-18



ಕ್ರಿಸ್ತಜಯಂತಿ ಕಳೆದು ಮೂರು ದಿನವಾಯಿತಷ್ಟೆ. ಗೋದಲಿಯ ದೀಪಗಳು ಇನ್ನೂ ಉರಿಯುತ್ತಿವೆ. ಮನೆಯಲ್ಲಿ ಕುಸ್ವಾರಿನ ಡಬ್ಬಿ ಖಾಲಿಯಾಗಿಲ್ಲ. ಇಂಥ ಹೊತ್ತಿನಲ್ಲಿ ಧರ್ಮಸಭೆ ನಮ್ಮ ಮುಂದೆ ಕೊಲೆಯಾದ ಮಕ್ಕಳನ್ನು ತಂದು ನಿಲ್ಲಿಸುತ್ತದೆ. ಇದೇನು ಹಬ್ಬ ಎಂದು ಕೇಳುವವರಿದ್ದಾರೆ. ಆದರೆ ಸಂತ ಮತ್ತಾಯರು ಈ ಕಥೆಯನ್ನು ಕ್ರಿಸ್ತಜಯಂತಿಯ ಪಕ್ಕದಲ್ಲೇ ಇಟ್ಟಿದ್ದಾರೆ. ಜ್ಯೋತಿಷಿಗಳು ಕಾಣಿಕೆ ಕೊಟ್ಟು ಹೊರಟದ್ದೇ ತಡ, ಹೆರೋದನ ಸೈನಿಕರು ಬಂದರು.

ಎಷ್ಟು ಮಕ್ಕಳು ಸತ್ತರು? ಹಳೆಯ ಪರಂಪರೆಗಳಲ್ಲಿ ಸಾವಿರಗಟ್ಟಲೆ ಎಂಬ ಮಾತಿದೆ. ಬೆತ್ಲೆಹೇಮ್ ಆಗ ಒಂದು ಸಣ್ಣ ಹಳ್ಳಿ, ಎರಡು ವರ್ಷದೊಳಗಿನ ಗಂಡುಮಕ್ಕಳು ಹೆಚ್ಚೆಂದರೆ ಇಪ್ಪತ್ತರ ಆಸುಪಾಸು ಇದ್ದಿರಬಹುದು ಎಂದು ಬೈಬಲ್ ಪಂಡಿತರು ಲೆಕ್ಕ ಹಾಕುತ್ತಾರೆ. ಗುರುಮಠದಲ್ಲಿ ಇದನ್ನು ಮೊದಲು ಕೇಳಿದಾಗ 'ಅಷ್ಟೇನಾ' ಎಂದು ನಮ್ಮಲ್ಲಿ ಕೆಲವರಿಗೆ ಅನ್ನಿಸಿದ್ದುಂಟು. ಇಪ್ಪತ್ತು ಮಕ್ಕಳೆಂದರೆ ಎಷ್ಟು ಎಂದು ತಿಳಿಯಬೇಕಾದರೆ ನಮ್ಮ ಧರ್ಮೋಪದೇಶದ ಒಂದು ತರಗತಿಯ ಬೆಂಚುಗಳನ್ನು ನೋಡಬೇಕು.

ಈ ಸಂಖ್ಯೆಯೇ ಇಂದು ನನ್ನ ಮನಸ್ಸನ್ನು ಅಮೆರಿಕದತ್ತ ಒಯ್ಯುತ್ತದೆ. ನಮ್ಮ ಧರ್ಮಕೇಂದ್ರದ ಹಲವು ಮನೆಗಳ ಮಕ್ಕಳು ಅಲ್ಲಿ ದಾದಿಯರಾಗಿ, ಎಂಜಿನಿಯರುಗಳಾಗಿ ಇದ್ದಾರೆ. ನಿಮ್ಮ ಮೊಮ್ಮಕ್ಕಳು ಅಲ್ಲಿನ ಶಾಲೆಗಳಲ್ಲಿ ಓದುತ್ತಿದ್ದಾರೆ. 2012ರ ಡಿಸೆಂಬರ್ 14ರಂದು, ಕ್ರಿಸ್ತಜಯಂತಿಗೆ ಹನ್ನೊಂದು ದಿನ ಇರುವಾಗ, ನ್ಯೂಟೌನ್ ಎಂಬ ಊರಿನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, 6 ಮಂದಿ ಹಿರಿಯರು ಗುಂಡಿಗೆ ಬಲಿಯಾದರು. 2022ರ ಮೇ 24ರಂದು ಟೆಕ್ಸಾಸಿನ ಯುವಾಲ್ಡೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು. ಆ ಊರಿನ ಯೇಸುವಿನ ಪವಿತ್ರ ಹೃದಯದ ದೇವಾಲಯದಲ್ಲಿ ಒಂದರ ಹಿಂದೆ ಒಂದು ಅಂತ್ಯಕ್ರಿಯೆಯ ಪೂಜೆ ನಡೆಯಿತು. ಎರಡು ಕಡೆಯೂ ಆಯುಧ ರೈಫಲ್.

ಆಮೇಲೆ 2025ರ ಆಗಸ್ಟ್ 27, ಬುಧವಾರ. ಮಿನಿಯಾಪೊಲಿಸ್ ನಗರದ ಅನನ್ಸಿಯೇಶನ್ ಧರ್ಮಕೇಂದ್ರ, ಅಂದರೆ ನಾವು ಮಂಗಳವಾರ್ತೆ ಎನ್ನುವ ಹಬ್ಬದ ಹೆಸರಿನ ದೇವಾಲಯ. ಶಾಲೆ ಶುರುವಾದ ಮೊದಲ ವಾರ. ಮಕ್ಕಳೆಲ್ಲ ಬಲಿಪೂಜೆಯಲ್ಲಿದ್ದರು. ಹೊರಗಿನಿಂದ ಒಬ್ಬ ವ್ಯಕ್ತಿ ಕಿಟಕಿಗಳ ಮೂಲಕ ಒಳಕ್ಕೆ ಗುಂಡಿನ ಮಳೆಗರೆದಾಗ ಎಂಟು ವರ್ಷದ ಒಬ್ಬ ಹುಡುಗ, ಹತ್ತು ವರ್ಷದ ಒಬ್ಬ ಹುಡುಗಿ ಬೆಂಚಿನಲ್ಲೇ ಪ್ರಾಣಬಿಟ್ಟರು. ಹಲವರು ಗಾಯಗೊಂಡರು. ದೊಡ್ಡ ತರಗತಿಯ ಮಕ್ಕಳು ಚಿಕ್ಕವರ ಮೇಲೆ ಮೈಚಾಚಿ ಅವರನ್ನು ಕಾಪಾಡಿದರು. ಪೂಜೆ ಶುರುವಾದ ಮೇಲೆ ಬಾಗಿಲುಗಳಿಗೆ ಬೀಗ ಹಾಕುವ ರೂಢಿ ಅಲ್ಲಿತ್ತು, ಅದರಿಂದ ಇನ್ನಷ್ಟು ಜೀವ ಉಳಿಯಿತು ಎಂದು ಪೊಲೀಸರು ಹೇಳಿದರು. ದೇವಾಲಯದ ಬಾಗಿಲಿಗೆ ಪೂಜೆಯ ಹೊತ್ತಿನಲ್ಲಿ ಬೀಗ! ನಮಗೆ ವಿಚಿತ್ರವೆನಿಸುತ್ತದೆ, ಅವರಿಗೆ ಅಭ್ಯಾಸವಾಗಿಬಿಟ್ಟಿದೆ.

ಗುಂಡು ಹಾರಿಸಿದ ವ್ಯಕ್ತಿಗೆ 23 ವರ್ಷ. ಅದೇ ಶಾಲೆಯಲ್ಲಿ ಓದಿದವರು. ತಾಯಿ ಅದೇ ಧರ್ಮಕೇಂದ್ರದ ಕಚೇರಿಯಲ್ಲಿ ದುಡಿದವರು. ರೈಫಲ್, ಶಾಟ್‌ಗನ್, ಪಿಸ್ತೂಲು ಮೂರನ್ನೂ ಕಾನೂನುಬದ್ಧವಾಗಿಯೇ ಕೊಂಡದ್ದು.

ಆ ದಿನ ನಗರದ ಮೇಯರ್ ಜೇಕಬ್ ಫ್ರೇ ಒಂದು ಮಾತು ಹೇಳಿದರು. ಬರೀ ಪ್ರಾರ್ಥಿಸುತ್ತೇವೆ ಎನ್ನಬೇಡಿ, ಈ ಮಕ್ಕಳು ಪ್ರಾರ್ಥನೆಯಲ್ಲೇ ಇದ್ದರು ಎಂಬುದು ಅವರ ಮಾತಿನ ಸಾರ. ಇದರಿಂದ ಹಲವು ವಿಶ್ವಾಸಿಗಳಿಗೆ ನೋವಾಯಿತು. ಪ್ರಾರ್ಥನೆಯನ್ನು ಹೀಗಳೆಯುವುದು ಸರಿಯೇ ಎಂದರು. ನಾನು ಗುರುವಾಗಿಯೂ ಮೇಯರರ ಮಾತಿನಲ್ಲಿ ಹೀಗಳಿಕೆಯನ್ನು ಕಾಣಲಿಲ್ಲ. ಪ್ರಾರ್ಥನೆಯನ್ನು ಕೆಲಸ ತಪ್ಪಿಸಿಕೊಳ್ಳುವ ನೆಪವಾಗಿ ಬಳಸುವವರ ಬಗ್ಗೆ ಪ್ರವಾದಿ ಯೆಶಾಯ ಇದಕ್ಕಿಂತ ಖಾರವಾಗಿ ಮಾತನಾಡಿದ್ದಾರೆ. ನಾಲ್ಕು ದಿನಗಳ ನಂತರ ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು, ತಾವೇ ಅಮೆರಿಕದಲ್ಲಿ ಹುಟ್ಟಿದವರು, ಭಾನುವಾರದ ತ್ರಿಕಾಲ ಪ್ರಾರ್ಥನೆಯ ವೇಳೆ ಆ ಮಕ್ಕಳನ್ನು ನೆನೆದರು. ಸಣ್ಣ ದೊಡ್ಡ ಆಯುಧಗಳ ಪಿಡುಗು ಜಗತ್ತಿಗೆ ಅಂಟುರೋಗದಂತೆ ಹಬ್ಬಿದೆ, ಅದು ನಿಲ್ಲಲೆಂದು ದೇವರಲ್ಲಿ ಬೇಡೋಣ ಎಂದರು. ಅವರು ಪ್ರಾರ್ಥನೆಯನ್ನೂ ಬಿಡಲಿಲ್ಲ, ಆಯುಧದ ಮಾತನ್ನೂ ಬಿಡಲಿಲ್ಲ. ಅಂಟುರೋಗಕ್ಕೆ ಮದ್ದು ಬೇಡವೆಂದು ಯಾರೂ ಹೇಳುವುದಿಲ್ಲವಲ್ಲ.

ಹಾಗಾದರೆ ಇಷ್ಟು ಬುದ್ಧಿವಂತ ದೇಶ ಏಕೆ ಸುಮ್ಮನಿದೆ ಎಂದು ನೀವು ಕೇಳಬಹುದು. ಅಲ್ಲಿನ ಜನರನ್ನು ಮೂರ್ಖರೆಂದು ತಿಳಿಯಬೇಡಿ. ಅವರ ವಾದವನ್ನು ನ್ಯಾಯವಾಗಿ ಕೇಳಬೇಕು. 1791ರಲ್ಲಿ ಅವರ ಸಂವಿಧಾನಕ್ಕೆ ಎರಡನೆಯ ತಿದ್ದುಪಡಿ ಸೇರಿತು. ಆಯುಧ ಹೊಂದುವುದು ಜನರ ಹಕ್ಕು ಎಂದು ಅದು ಹೇಳುತ್ತದೆ. ಅದರ ಹಿಂದಿದ್ದದ್ದು ಬ್ರಿಟಿಷ್ ದೊರೆಯ ವಿರುದ್ಧ ಆಗತಾನೇ ಮುಗಿದಿದ್ದ ಯುದ್ಧದ ನೆನಪು, ಮತ್ತೆ ಯಾವನಾದರೂ ಹೆರೋದ ಬಂದರೆ ಎಂಬ ಭಯ. ಹೌದು, ನಮ್ಮ ಇಂದಿನ ಶುಭಸಂದೇಶವನ್ನೇ ಹಿಡಿದು ಅವರು ಕೇಳಬಹುದು: ಬೆತ್ಲೆಹೇಮಿನಲ್ಲಿ ಮಕ್ಕಳನ್ನು ಕೊಂದದ್ದು ಹುಚ್ಚನಲ್ಲ, ಸರ್ಕಾರ. ಆ ತಂದೆಯರ ಕೈಯಲ್ಲಿ ಆಯುಧವಿದ್ದಿದ್ದರೆ?

ಇದು ತಳ್ಳಿಹಾಕುವ ಪ್ರಶ್ನೆಯಲ್ಲ. 1857ರ ದಂಗೆಯನ್ನು ಕಂಡಿದ್ದ ಬ್ರಿಟಿಷರು 1878ರ ಕಾಯ್ದೆ ತಂದು ನಮ್ಮ ಜನರ ಕೈಯಿಂದ ಆಯುಧ ಕಿತ್ತುಕೊಂಡಾಗ ಅದನ್ನು ಕಟುವಾಗಿ ಟೀಕಿಸಿದವರಲ್ಲಿ ಅಹಿಂಸೆಯ ಗಾಂಧೀಜಿಯವರೂ ಇದ್ದರು. ನಮ್ಮ ಧರ್ಮಸಭೆಯ ಕಥೋಲಿಕ ಧರ್ಮೋಪದೇಶ ಗ್ರಂಥವೂ ನ್ಯಾಯವಾದ ಆತ್ಮರಕ್ಷಣೆಯನ್ನು ಒಪ್ಪುತ್ತದೆ. ಇತರರ ಪ್ರಾಣದ ಹೊಣೆ ಹೊತ್ತವರಿಗೆ ಅದು ಗುರುತರ ಕರ್ತವ್ಯವೂ ಆಗಬಹುದು ಎನ್ನುತ್ತದೆ.

ಆದರೆ ನಡೆದದ್ದನ್ನೂ ನೋಡಿ. ಯುವಾಲ್ಡೆಯ ಆ ಶಾಲೆಗೆ ಬಂದ ಪೊಲೀಸರು ಮತ್ತು ಇತರ ರಕ್ಷಣಾ ಸಿಬ್ಬಂದಿಯ ಸಂಖ್ಯೆ 376 ಎಂದು ಟೆಕ್ಸಾಸ್ ಶಾಸನಸಭೆಯ ತನಿಖಾ ಸಮಿತಿ ಬರೆಯಿತು. ಅಷ್ಟೂ ಜನ ಆಯುಧಧಾರಿಗಳು. ಆದರೂ ತರಗತಿಯ ಒಳಗೆ ನುಗ್ಗಿ ಹಂತಕನನ್ನು ಮುಗಿಸಲು ಒಂದು ಗಂಟೆಗೂ ಮಿಕ್ಕಿ ಹಿಡಿಯಿತು, ಏಕೆಂದರೆ ಒಳಗಿದ್ದವನ ಕೈಯಲ್ಲಿ ರೈಫಲ್ ಇತ್ತು, ತರಬೇತಾದವರೂ ಅದಕ್ಕೆ ಅಂಜಿದರು. ಅವನು ಅದನ್ನು ಕೊಂಡದ್ದು 18 ತುಂಬಿದ ಒಂದು ವಾರದೊಳಗೆ. ಅಮೆರಿಕದಲ್ಲಿ ಅಂಗಡಿಯಿಂದ ಪಿಸ್ತೂಲು ಕೊಳ್ಳಲು 21 ವರ್ಷವಾಗಬೇಕು, ರೈಫಲ್‌ಗೆ ಹಲವು ರಾಜ್ಯಗಳಲ್ಲಿ 18 ಸಾಕು.

ಇನ್ನೊಂದು ಬದಿಯ ಸಾಕ್ಷ್ಯವನ್ನು ಮುಚ್ಚಿಡಬಾರದು. 2017ರ ನವೆಂಬರ್ 5ರಂದು ಅದೇ ಟೆಕ್ಸಾಸಿನ ಸದರ್‌ಲ್ಯಾಂಡ್ ಸ್ಪ್ರಿಂಗ್ಸ್ ಎಂಬ ಹಳ್ಳಿಯ ಬ್ಯಾಪ್ಟಿಸ್ಟ್ ದೇವಾಲಯದಲ್ಲಿ, ತಾಯಿಯ ಗರ್ಭದಲ್ಲಿದ್ದ ಒಂದು ಮಗುವೂ ಸೇರಿ 26 ಜನ ಸತ್ತಾಗ, ಹಂತಕನನ್ನು ಎದುರಿಸಿದ್ದು ಪಕ್ಕದ ಮನೆಯಾತ. ಬರಿಗಾಲಲ್ಲಿ ತನ್ನ ರೈಫಲ್ ಹಿಡಿದು ಓಡಿಬಂದ ಧೈರ್ಯಶಾಲಿ. ಅವನಿಂದ ಜೀವಗಳು ಉಳಿದವು, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಘಟನೆಯಲ್ಲಿ ಇನ್ನೊಂದು ಸಂಗತಿಯಿದೆ. ಆ ಹಂತಕ ವಾಯುಪಡೆಯಲ್ಲಿದ್ದಾಗ ಮನೆಯವರಿಗೆ ಹಿಂಸೆ ಕೊಟ್ಟು ಶಿಕ್ಷೆ ಪಡೆದವನು, ಕಾನೂನಿನ ಪ್ರಕಾರ ಅವನಿಗೆ ಬಂದೂಕು ಮಾರುವಂತಿರಲಿಲ್ಲ. ಶಿಕ್ಷೆಯ ವಿವರವನ್ನು ತಪಾಸಣೆಯ ದಾಖಲೆಗೆ ಕಳುಹಿಸಬೇಕಾದವರು ಕಳುಹಿಸಿರಲಿಲ್ಲ. ಒಂದು ಕಾಗದ ಸರಿಯಾದ ಕಡೆ ತಲುಪಿದ್ದರೆ ಆ ನೆರೆಯವನು ಅಂದು ಓಡಿಬರುವ ಅಗತ್ಯವೇ ಬೀಳುತ್ತಿರಲಿಲ್ಲವೇನೋ.

ಪ್ರಿಯರೇ, ಅಲ್ಲಿನ ಕೆಲವು ಕ್ರೈಸ್ತರು ಸಂತ ಲೂಕರ ಶುಭಸಂದೇಶದ 22ನೆಯ ಅಧ್ಯಾಯವನ್ನು ತೋರಿಸುತ್ತಾರೆ. ಕಡೆಯ ಭೋಜನದ ರಾತ್ರಿ ಯೇಸುಸ್ವಾಮಿ ಕತ್ತಿಯ ಮಾತೆತ್ತಿದರು, ಶಿಷ್ಯರು ಎರಡು ಕತ್ತಿ ತೋರಿಸಿದರು. ನಿಜ, ಆ ವಾಕ್ಯ ಅಲ್ಲಿದೆ. ಆದರೆ ಓದುವುದನ್ನು ಅಲ್ಲಿಗೇ ನಿಲ್ಲಿಸಬಾರದು. ಕೆಲವೇ ಗಂಟೆಗಳಲ್ಲಿ ಗೆತ್ಸೆಮನೆಯಲ್ಲಿ ಪೇತ್ರರು ಅದೇ ಕತ್ತಿಯನ್ನು ಬೀಸಿದರು. ಪೇತ್ರರು ಕೆಟ್ಟವರಲ್ಲ. ಪ್ರೀತಿಸಿದ ಗುರುವನ್ನು ಕಾಪಾಡಲು ಹೊರಟವರು. ಕಿವಿ ಕಳೆದುಕೊಂಡದ್ದು ಯಾರು? ಯೂದನೂ ಅಲ್ಲ, ಕಾಯಫನೂ ಅಲ್ಲ, ಮಾಲ್ಕನೆಂಬ ಒಬ್ಬ ಆಳು. ಸ್ವಾಮಿ ಆ ಕಿವಿಯನ್ನು ವಾಸಿಮಾಡಿದರು, ಕತ್ತಿಯನ್ನು ಒರೆಗೆ ಸೇರಿಸಲು ಹೇಳಿದರು. ನಿದ್ದೆಗಣ್ಣಿನಲ್ಲಿ, ಭಯದಲ್ಲಿ, ಕತ್ತಲಲ್ಲಿ ಬೀಸಿದ ಆಯುಧ ಕತ್ತಿಯಾಗಿದ್ದರಿಂದ ಒಂದು ಕಿವಿಗೆ ಮುಗಿಯಿತು. ಪೇತ್ರರ ಕೈಯಲ್ಲಿ ಇಂದಿನ ರೈಫಲ್ ಇದ್ದಿದ್ದರೆ ಆ ತೋಟದಲ್ಲಿ ಎಷ್ಟು ಹೆಣ ಬೀಳುತ್ತಿತ್ತು?

ಬಂದೂಕು ಕೊಲ್ಲುವುದಿಲ್ಲ, ಮನುಷ್ಯ ಕೊಲ್ಲುತ್ತಾನೆ ಎಂಬ ಮಾತು ಅಲ್ಲಿ ಬಹಳ ಚಾಲ್ತಿಯಲ್ಲಿದೆ. ಅರ್ಧ ನಿಜ. ನಮ್ಮ ತೋಟದ ಮನೆಗಳಲ್ಲಿರುವ ಒಂಟಿನಳಿಗೆ ಕೋವಿಯನ್ನು ನೀವು ಬಲ್ಲಿರಿ. ಒಂದು ಈಡು ಹಾರಿತೆಂದರೆ ಕೋವಿ ಮಡಚಿ, ಖಾಲಿ ತೋಟೆ ತೆಗೆದು, ಹೊಸದನ್ನು ಹಾಕಬೇಕು. ಅಷ್ಟು ಹೊತ್ತಿನಲ್ಲಿ ಹಂದಿಯೂ ಓಡುತ್ತದೆ, ಮನುಷ್ಯನ ಸಿಟ್ಟೂ ಒಂದು ಉಸಿರು ಎಳೆದುಕೊಳ್ಳುತ್ತದೆ. ಅಮೆರಿಕದಲ್ಲಿ ಚರ್ಚೆಯಾಗುತ್ತಿರುವ ಎಆರ್-15 ಬಗೆಯ ರೈಫಲ್ ಹಾಗಲ್ಲ. ಕುದುರೆ ಎಳೆದಷ್ಟು ಸಲ ಗುಂಡು ಹಾರುತ್ತದೆ, ಮುಂದಿನದು ತಾನಾಗಿಯೇ ತುಂಬಿಕೊಳ್ಳುತ್ತದೆ. ಒಂದು ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 30 ಗುಂಡು. ಯುವಾಲ್ಡೆಯ ಮಕ್ಕಳ ವೈದ್ಯರು, ಕೆಲವು ಮಕ್ಕಳನ್ನು ಅವರ ಬಟ್ಟೆಯ ಮೇಲಿನ ಚಿತ್ರದಿಂದ ಮಾತ್ರ ಗುರುತಿಸಬೇಕಾಯಿತು ಎಂದು ಸಂಸತ್ತಿನ ಸಮಿತಿಯ ಮುಂದೆ ಹೇಳಿದರು. ಇಂಥ ರೈಫಲ್‌ಗಳ ಹೊಸ ಮಾರಾಟಕ್ಕೆ 1994ರಲ್ಲಿ ನಿಷೇಧ ಬಂದಿತ್ತು. ಹತ್ತು ವರ್ಷದ ಅವಧಿ ಮುಗಿದು 2004ರಲ್ಲಿ ಅದು ಬಿದ್ದುಹೋಯಿತು. ಅಲ್ಲಿನ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ಅದನ್ನು ಮತ್ತೆ ತರಬೇಕು, ಬಂದೂಕು ಕೊಳ್ಳುವವರೆಲ್ಲರ ಹಿನ್ನೆಲೆ ಪರೀಕ್ಷಿಸಬೇಕು ಎಂದು ಕೇಳುತ್ತಲೇ ಬಂದಿದೆ. ನ್ಯೂಜಿಲೆಂಡಿನಲ್ಲಿ 2019ರ ಮಾರ್ಚ್ 15ರಂದು ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ ಪ್ರಾರ್ಥನೆಗೆ ಬಂದಿದ್ದ 51 ಜನರು ಹತರಾದಾಗ ಒಂದು ತಿಂಗಳೊಳಗೆ ಸಂಸತ್ತು ಇಂಥ ಆಯುಧಗಳನ್ನು ನಿಷೇಧಿಸಿತು. ವಿರುದ್ಧ ಬಿದ್ದದ್ದು ಒಂದೇ ಮತ.

ಇಲ್ಲಿ ನಾವು ಗಮನಿಸದೆ ಬಿಡುವ ಒಂದು ವಿಷಯವಿದೆ. ಅಮೆರಿಕದಲ್ಲಿ ಗುಂಡಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಯಾರಿಂದಲೂ ಕೊಲೆಯಾದವರಲ್ಲ, ತಮ್ಮನ್ನು ತಾವೇ ಮುಗಿಸಿಕೊಂಡವರು. ಒಂದು ರಾತ್ರಿಯ ಕತ್ತಲೆ ಮನಸ್ಸಿಗೆ ಕವಿದಾಗ ಕೈಗೆ ಎಟಕುವಲ್ಲಿ ಬಂದೂಕು ಇತ್ತು, ಅಷ್ಟೆ. ಬೆಳಗಾಗುವುದರೊಳಗೆ ಮನಸ್ಸು ತಿರುಗುತ್ತಿತ್ತೇನೋ. ನಮ್ಮ ಹಳ್ಳಿಗಳಲ್ಲಿ ಆ ಜಾಗದಲ್ಲಿ ಇರುವುದು ಕೀಟನಾಶಕದ ಬಾಟಲಿ. ಅಂಥ ಮನೆಗಳಿಗೆ ನಾನು ಹೋಗಿದ್ದೇನೆ, ನಿಮ್ಮಲ್ಲಿ ಹಲವರೂ ಬಂದಿದ್ದೀರಿ. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಅಲ್ಲಿ ಆತ್ಮಹತ್ಯೆಗಳು ಬಹಳವಾಗಿ ಇಳಿದವು. ಜನರ ಕಷ್ಟಗಳೇನೂ ತೀರಿರಲಿಲ್ಲ, ವಿಷ ಮಾತ್ರ ದೂರವಾಗಿತ್ತು. ಸ್ಯಾಂಡಿ ಹುಕ್‌ನ ಹುಡುಗ ಬಳಸಿದ ಬಂದೂಕುಗಳು ಅವನ ತಾಯಿ ಕಾನೂನುಬದ್ಧವಾಗಿ ಕೊಂಡು ಮನೆಯಲ್ಲಿಟ್ಟಿದ್ದವು. ಅವನು ಮೊದಲು ಕೊಂದದ್ದು ಆ ತಾಯಿಯನ್ನೇ.

ನಮ್ಮ ದೇಶದಲ್ಲಿ ಆಯುಧ ಹಕ್ಕಲ್ಲ, ಪರವಾನಗಿಯ ವಿಷಯ. 1959ರ ಆಯುಧ ಕಾಯ್ದೆಯಂತೆ ಪೊಲೀಸ್ ತನಿಖೆಯಾಗಬೇಕು, ಕಾರಣ ಹೇಳಬೇಕು. 2019ರ ತಿದ್ದುಪಡಿಯ ನಂತರ ಸಾಮಾನ್ಯವಾಗಿ ಒಬ್ಬರಿಗೆ ಎರಡೇ ಆಯುಧ. ಕೊಡಗಿನಲ್ಲಿ ಮಾತ್ರ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದ್ದು, 2021ರಲ್ಲಿ ನಮ್ಮ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಇದು ಸಮಾನತೆಗೆ ವಿರುದ್ಧ ಎನ್ನುವವರಿದ್ದಾರೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜಿಸುವುದನ್ನು ಕಂಡವರಿಗೆ ಒಂದು ಮಾತು ಗೊತ್ತು: ಅಲ್ಲಿ ಕೋವಿ ಹಿರಿಯರ ಕಣ್ಣೆದುರು, ಇಡೀ ಮನೆತನದ ಕಟ್ಟುಪಾಡಿನೊಳಗೆ ಇರುವ ವಸ್ತು. ಆ ಕಟ್ಟುಪಾಡು ಸಡಿಲವಾದ ಮನೆಯಲ್ಲಿ ವಿನಾಯಿತಿಯ ಕಾಗದ ಯಾರನ್ನೂ ಕಾಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ನಮ್ಮ ಧರ್ಮಕೇಂದ್ರದಲ್ಲೂ ತೋಟದ ಬೆಳೆ ಕಾಯಲು ಪರವಾನಗಿ ಪಡೆದವರಿದ್ದೀರಿ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು, ಅಷ್ಟರಲ್ಲಿ ಹಂದಿ ಗದ್ದೆ ಬುಡಮೇಲು ಮಾಡುತ್ತದೆ ಎಂಬ ನಿಮ್ಮ ಗೊಣಗಾಟವನ್ನು ಕೇಳಿದ್ದೇನೆ, ಅದು ಸುಳ್ಳಲ್ಲ. ನಾನು ಕೇಳುವುದಿಷ್ಟೆ. ಕೋವಿ ಒಂದು ಬೀಗದಲ್ಲಿ, ತೋಟೆ ಇನ್ನೊಂದು ಬೀಗದಲ್ಲಿ ಇರಲಿ. ಬೀಗದ ಕೈ ಎಲ್ಲಿದೆಯೆಂದು ಮಕ್ಕಳಿಗೆ ಗೊತ್ತಾಗದಿರಲಿ. ಮನೆಯಲ್ಲಿ ಕುಡಿಯುವವರಿದ್ದರೆ, ಮಂಕಾಗಿ ಕುಳಿತ ಹರೆಯದವರಿದ್ದರೆ, ಕೋವಿಯನ್ನು ಕೆಲವು ಕಾಲ ಠಾಣೆಯಲ್ಲೋ ಪರವಾನಗಿಯುಳ್ಳ ಅಂಗಡಿಯಲ್ಲೋ ಇರಿಸುವ ದಾರಿ ಕೇಳಿ. ಹೆಂಡತಿ ಈ ಮಾತೆತ್ತಿದರೆ ಗಂಡ ಸಿಟ್ಟಾಗಬಾರದು. ಹಾಗೆ ಆದರೆ ಗುರುಗಳೇ ಹೇಳಿದ್ದು ಎನ್ನಿ, ನನ್ನ ಹತ್ತಿರ ಬಂದು ಜಗಳವಾಡಲಿ. ಕೀಟನಾಶಕದ ಬಾಟಲಿಗೂ ಇದೇ ಮಾತು.

ಬೆತ್ಲೆಹೇಮಿನಲ್ಲಿ ಯಾರ ಹೆಸರೂ ಉಳಿಯದ ಆ ಮಕ್ಕಳಿಗಾಗಿ ಸಂತ ಮತ್ತಾಯರು ರಾಖೇಲಳನ್ನು ಕರೆತಂದು ಅಳಿಸಿದರು. ಆಕೆ ಸಮಾಧಾನ ಬೇಡವೆಂದಳು. ಆಕೆಯ ಪಕ್ಕದಲ್ಲಿ ಈಗ ನ್ಯೂಟೌನಿನ, ಯುವಾಲ್ಡೆಯ, ಮಿನಿಯಾಪೊಲಿಸಿನ ತಾಯಂದಿರು ಕುಳಿತಿದ್ದಾರೆ. ಗುಂಡು ಹಾರಿಸಿದವರ ತಾಯಂದಿರನ್ನೂ ನಾನು ಅವರ ನಡುವೆಯೇ ಕಾಣುತ್ತೇನೆ.

ಈಗ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಈ ಎಲ್ಲರನ್ನು ನೆನೆಯೋಣ. ಪೂಜೆ ಮುಗಿದ ಮೇಲೆ, ಇಂದಿನ ಹಬ್ಬದ ವಾಡಿಕೆಯಂತೆ, ಮಕ್ಕಳಿಗೆ ಆಶೀರ್ವಾದವಿದೆ. ತಂದೆತಾಯಂದಿರೇ, ಹಸುಗೂಸುಗಳನ್ನು ಎತ್ತಿಕೊಂಡು ಬನ್ನಿ. ದೊಡ್ಡ ಮಕ್ಕಳು ಚಿಕ್ಕವರ ಕೈಹಿಡಿದು ಗೋದಲಿಯ ಮುಂದೆ ಸಾಲಾಗಿ ನಿಲ್ಲಲಿ. ಬಾಗಿಲು ತೆರೆದೇ ಇರುತ್ತದೆ.