‘ಮುದ್ರಾರಾಕ್ಷಸ’ದಲ್ಲಿ ಸಾಕ್ಷ್ಯವೂ ನ್ಯಾಯವೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ಈ ಶುಭಸಂದರ್ಭದಲ್ಲಿ ಸಾಹಿತ್ಯಸಂಬಂಧವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯಕರ್ತರು ಅಪ್ಪಣೆ ಮಾಡಿದ್ದಾರೆ. ಇಂದಿನ ತರುಣರಿಗೆ ಪತ್ತೇದಾರಿ ಕಾದಂಬರಿಗಳಲ್ಲಿಯೂ, ನ್ಯಾಯಾಲಯದ ವಾದವಿವಾದಗಳನ್ನು ತೋರಿಸುವ ಚಲಚ್ಚಿತ್ರಗಳಲ್ಲಿಯೂ ಬಹಳ ಆಸಕ್ತಿ. ಅದನ್ನು ನಾವು ಹಳಿಯುವವರಲ್ಲ. ಹಿಂದೆಂದೋ ನಡೆದ ಕೊಲೆ, ಅದನ್ನು ಮುಚ್ಚಿದ ಅಧಿಕಾರ, ಸಾಕ್ಷಿಗಳ ಹೇಳಿಕೆ, ಕಡೆಗೆ ತೀರ್ಪು: ಇಂಥ ಕಥೆಯನ್ನು ಕೇಳುವ ಕುತೂಹಲ ಮನುಷ್ಯಸಹಜವಾದುದು. ಆದರೆ ಈ ಬಗೆಯ ಕಥೆ ಪಶ್ಚಿಮದಿಂದ ಬಂದ ಹೊಸ ವಸ್ತುವೆಂದು ಯಾರಾದರೂ ತಿಳಿದಿದ್ದರೆ ಅಂಥವರ ಮುಂದೆ ವಿಶಾಖದತ್ತನ ‘ಮುದ್ರಾರಾಕ್ಷಸ’ವನ್ನು ಇಡಬೇಕೆನಿಸುತ್ತದೆ. ತಾಳಮದ್ದಳೆಯ ಕೂಟಗಳಲ್ಲಿ ಅರ್ಥಧಾರಿಗಳ ವಾದ ಪ್ರತಿವಾದಗಳನ್ನು ರಾತ್ರಿಯಿಡೀ ಕೇಳಿ ತೂಗಿ ನೋಡಬಲ್ಲ ಕಾಸರಗೋಡಿನ ಜನಕ್ಕೆ ಈ ನಾಟಕ ವಿಶೇಷವಾಗಿ ರುಚಿಸಬೇಕು.

ವಿಶಾಖದತ್ತನ ಕಾಲದ ವಿಷಯದಲ್ಲಿ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಆತನು ಸಾಮಂತರ ಮನೆತನದವನೆಂದು ನಾಟಕದ ಪ್ರಸ್ತಾವನೆಯಿಂದಲೇ ತಿಳಿಯುತ್ತದೆ. ಆದುದರಿಂದ ರಾಜಕಾರಣದ ಒಳಮನೆಯನ್ನು ಬಲ್ಲವನಾಗಿದ್ದನೆಂದು ಊಹಿಸಬಹುದು. ಏಳು ಅಂಕಗಳ ಈ ನಾಟಕದಲ್ಲಿ ಪ್ರೇಮಪ್ರಸಂಗವಿಲ್ಲ, ವಿದೂಷಕನಿಲ್ಲ. ಇರುವುದು ಇಬ್ಬರು ಮಂತ್ರಿಗಳ ಬುದ್ಧಿಯ ಹೋರಾಟ. ಕನ್ನಡಿಗರಿಗೆ ಈ ಕಥೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1823ರಲ್ಲಿ, ಕೆಂಪುನಾರಾಯಣ ಕವಿಯು ಇದರ ಕಥೆಯನ್ನೂ ಇದಕ್ಕೆ ಹಿಂದಿನ ನಂದರ ಕಥೆಯನ್ನೂ ಸೇರಿಸಿ ‘ಮುದ್ರಾಮಂಜೂಷ’ವೆಂಬ ಗದ್ಯಗ್ರಂಥವನ್ನು ರಚಿಸಿದನು. ಹೊಸಗನ್ನಡ ಗದ್ಯದ ಉದಯಕಾಲವನ್ನು ಹೇಳುವಾಗ ಈ ಗ್ರಂಥವನ್ನು ಸ್ಮರಿಸದೆ ಮುಂದೆ ಹೋಗುವಂತಿಲ್ಲ.

ಇನ್ನು ಕಥೆಗೆ ಬರೋಣ. ನಂದವಂಶ ನಾಶವಾಗಿದೆ. ಚಾಣಕ್ಯನು ಚಂದ್ರಗುಪ್ತನನ್ನು ಪಾಟಲಿಪುತ್ರದ ಸಿಂಹಾಸನದ ಮೇಲೆ ಕುಳ್ಳಿರಿಸಿದ್ದಾನೆ. ನಂದರ ಮಂತ್ರಿಯಾದ ರಾಕ್ಷಸನು ತನ್ನ ಹೆಂಡತಿ ಮಕ್ಕಳನ್ನು ರತ್ನವರ್ತಕನಾದ ಚಂದನದಾಸನೆಂಬ ಗೆಳೆಯನ ಮನೆಯಲ್ಲಿ ಬಿಟ್ಟು, ಊರಿನಿಂದ ಹೊರಬಿದ್ದು, ಮಲಯಕೇತುವೆಂಬ ರಾಜಕುಮಾರನ ಪಕ್ಷವನ್ನು ಸೇರಿ, ಪಾಟಲಿಪುತ್ರದ ಮೇಲೆ ದಂಡೆತ್ತಲು ಸಿದ್ಧನಾಗಿದ್ದಾನೆ. ಅವನನ್ನು ಕೊಲ್ಲದೆ ಚಂದ್ರಗುಪ್ತನ ಮಂತ್ರಿಯನ್ನಾಗಿ ಮಾಡಿಕೊಳ್ಳಬೇಕೆಂಬುದು ಚಾಣಕ್ಯನ ಹಟ.

ಈ ಎಲ್ಲದರ ಹಿಂದೆ ಒಂದು ಹಳೆಯ ಕೊಲೆಯುಂಟು. ಮಲಯಕೇತುವಿನ ತಂದೆ ಪರ್ವತಕನು ಮೊದಲು ಚಾಣಕ್ಯನ ಮಿತ್ರನಾಗಿದ್ದವನು. ಅರ್ಧರಾಜ್ಯವನ್ನು ಕೊಡುವ ಮಾತಿನ ಮೇಲೆ ಸಹಾಯಕ್ಕೆ ಬಂದವನು. ಚಂದ್ರಗುಪ್ತನನ್ನು ಕೊಲ್ಲಲು ರಾಕ್ಷಸನು ಗುಟ್ಟಾಗಿ ಒಬ್ಬ ವಿಷಕನ್ಯೆಯನ್ನು ಕಳುಹಿಸಿದ್ದನು. ಚಾಣಕ್ಯನು ಅದನ್ನರಿತು ಆಕೆಯನ್ನು ಪರ್ವತಕನ ಕಡೆಗೆ ತಿರುಗಿಸಿದನು. ಪರ್ವತಕ ಸತ್ತನು, ಅರ್ಧರಾಜ್ಯವನ್ನು ಕೊಡುವ ಹೊಣೆಯೂ ತಪ್ಪಿತು. ಆಮೇಲೆ ಚಾಣಕ್ಯನು ಊರಿನಲ್ಲೆಲ್ಲ ಈ ಕೊಲೆ ರಾಕ್ಷಸನ ಕೆಲಸವೆಂದು ಸುದ್ದಿ ಹಬ್ಬಿಸಿದನು. ಮಲಯಕೇತುವಿನ ಕಿವಿಯಲ್ಲಿ ಮಾತ್ರ, ಭಾಗುರಾಯಣನೆಂಬ ತನ್ನ ಗೂಢಚಾರನ ಬಾಯಿಂದ, ‘ನಿನ್ನ ತಂದೆಯನ್ನು ಕೊಲ್ಲಿಸಿದವನು ಚಾಣಕ್ಯ’ ಎಂದು ಹೇಳಿಸಿ ಅವನು ಹೆದರಿ ಓಡುವಂತೆ ಮಾಡಿದನು. ಒಂದೇ ಕೊಲೆಗೆ ಎರಡು ಕಥೆ; ಎರಡನ್ನೂ ಕಟ್ಟಿದವನು ಒಬ್ಬನೇ. ಸುಳ್ಳನ್ನು ಮರೆಮಾಡುವುದಕ್ಕೆ ಸತ್ಯವನ್ನೂ ಬಳಸಿಕೊಳ್ಳಬಹುದೆಂಬ ಈ ರಹಸ್ಯ ನಾಟಕದ ಮೊದಲ ಅಂಕದಲ್ಲಿಯೇ ನಮಗೆ ತಿಳಿದುಬಿಡುತ್ತದೆ.

ಮುಂದೆ ನಡೆಯುವುದು ಸಾಕ್ಷ್ಯವನ್ನು ಸಿದ್ಧಪಡಿಸುವ ಕಾರ್ಯ. ಯಮಪಟವನ್ನು ತೋರಿಸುತ್ತ ಮನೆಮನೆ ತಿರುಗುವವನ ವೇಷದಲ್ಲಿ ಚಾಣಕ್ಯನ ಚಾರನೊಬ್ಬ ಚಂದನದಾಸನ ಮನೆಗೆ ಹೋಗುತ್ತಾನೆ. ಐದು ವರ್ಷದ ಮಗುವೊಂದು ಪಟವನ್ನು ನೋಡುವ ಆಸೆಯಿಂದ ಹೊರಗೆ ಓಡಿಬರುತ್ತದೆ. ತಾಯಿ ಗಾಬರಿಯಿಂದ ಕೈಚಾಚಿ ಅದನ್ನು ಒಳಗೆಳೆದುಕೊಳ್ಳುವಾಗ ಅವಳ ಬೆರಳಿನಿಂದ ಉಂಗುರ ಜಾರಿ ಹೊಸ್ತಿಲಿನಾಚೆಗೆ ಉರುಳುತ್ತದೆ. ಅದು ರಾಕ್ಷಸನ ಹೆಸರುಳ್ಳ ಮುದ್ರೆಯುಂಗುರ. ಕೂಡಲೇ ಚಾಣಕ್ಯನು ಒಂದು ಪತ್ರದ ಒಕ್ಕಣೆಯನ್ನು ಕಲ್ಪಿಸುತ್ತಾನೆ. ಅದರಲ್ಲಿ ಬರೆದವನ ಹೆಸರಿಲ್ಲ, ಪಡೆಯುವವನ ಹೆಸರೂ ಇಲ್ಲ. ಅದನ್ನು ರಾಕ್ಷಸನ ಗೆಳೆಯನೂ ಲಿಪಿಕಾರನೂ ಆದ ಶಕಟದಾಸನ ಕೈಯಲ್ಲಿಯೇ, ಯಾರಿಗಾಗಿ, ಯಾತಕ್ಕಾಗಿ ಎಂಬುದು ಅವನಿಗೆ ತಿಳಿಯದ ಹಾಗೆ, ಸಿದ್ಧಾರ್ಥಕನೆಂಬ ಚಾರನ ಮೂಲಕ ಬರೆಯಿಸಿ, ಸಿಕ್ಕಿದ ಉಂಗುರದಿಂದ ಮುದ್ರೆಯೊತ್ತುತ್ತಾನೆ. ಅನಂತರ ಇದೇ ಸಿದ್ಧಾರ್ಥಕನು ಶಕಟದಾಸನನ್ನು ವಧ್ಯಸ್ಥಾನದಿಂದ ಪಾರುಮಾಡಿದವನಂತೆ ನಟಿಸಿ, ರಾಕ್ಷಸನ ವಿಶ್ವಾಸವನ್ನು ಗಳಿಸಿ, ಅವನಿಂದ ಆಭರಣಗಳ ಉಡುಗೊರೆಯನ್ನೂ ಪಡೆಯುತ್ತಾನೆ. ಸತ್ತ ಪರ್ವತಕನ ಮೂರು ಒಡವೆಗಳನ್ನು ಚಂದ್ರಗುಪ್ತನು ಬ್ರಾಹ್ಮಣರಿಗೆ ದಾನಮಾಡುತ್ತಾನೆ. ಅವು ವ್ಯಾಪಾರಿಗಳ ಕೈಯಿಂದ ಮಾರಾಟಕ್ಕೆ ಬರುತ್ತವೆ. ಏನೂ ಅರಿಯದ ರಾಕ್ಷಸನು ಅವನ್ನು ಕೊಳ್ಳುತ್ತಾನೆ.

ಐದನೆಯ ಅಂಕವು ನಿಜವಾಗಿಯೂ ಒಂದು ನ್ಯಾಯಾಲಯದ ದೃಶ್ಯ. ಮಲಯಕೇತುವಿನ ಪಾಳೆಯದಿಂದ ರಹದಾರಿಯಿಲ್ಲದೆ ಹೊರಡುವ ಸಿದ್ಧಾರ್ಥಕನು ಬೇಕೆಂದೇ ಸಿಕ್ಕಿಬೀಳುತ್ತಾನೆ. ವಿಚಾರಣೆ ನಡೆಸುವವನು ಭಾಗುರಾಯಣ. ಎಂದರೆ ಅಪರಾಧಿಯೂ ವಿಚಾರಕನೂ ಒಬ್ಬನೇ ಯಜಮಾನನ ಸೇವಕರು! ಪತ್ರ ಸಿಕ್ಕುತ್ತದೆ. ಬಾಯಿಮಾತಿನ ಸಂದೇಶವನ್ನು ಹೇಳೆಂದು ಅವನನ್ನು ಹೊಡೆಸುತ್ತಾರೆ. ಹೊಡೆತದ ನಡುವೆ ಮುದ್ರೆಯೊತ್ತಿದ ಒಡವೆಯ ಪೆಟ್ಟಿಗೆ ಕೆಳಗೆ ಬೀಳುತ್ತದೆ. ಆಮೇಲೆ ನಿಜವನ್ನು ಒಪ್ಪಿಕೊಳ್ಳುವವನಂತೆ ಸುಳ್ಳನ್ನು ಹೇಳುತ್ತಾನೆ: ರಾಕ್ಷಸನೂ, ಮಿತ್ರರಾಗಿ ಬಂದಿರುವ ಐವರು ರಾಜರೂ ಚಂದ್ರಗುಪ್ತನೊಡನೆ ಒಳಸಂಧಿ ಮಾಡಿಕೊಂಡಿದ್ದಾರೆಂದು. ಇದೇ ಸಮಯಕ್ಕೆ ಕ್ಷಪಣಕ ಜೀವಸಿದ್ಧಿಯು, ಪರ್ವತಕನನ್ನು ವಿಷಕನ್ಯೆಯಿಂದ ಕೊಲ್ಲಿಸಿದವನು ರಾಕ್ಷಸನೇ ಎಂದು ಹೇಳಿದ್ದನ್ನು ಮಲಯಕೇತು ಮರೆಯಲ್ಲಿ ನಿಂತು ಕೇಳಿದ್ದಾನೆ. ಈ ಜೀವಸಿದ್ಧಿಯೂ ಚಾಣಕ್ಯನ ಕಡೆಯವನೇ.

ರಾಕ್ಷಸನನ್ನು ಕರೆಸುತ್ತಾರೆ. ಅವನು ಬರುವಾಗ ಕೊಂಡುಕೊಂಡ ಒಡವೆಯನ್ನೇ ಧರಿಸಿ ಬರುತ್ತಾನೆ. ಮಲಯಕೇತು ಅದನ್ನು ತನ್ನ ತಂದೆಯದೆಂದು ಗುರುತಿಸುತ್ತಾನೆ. ಪತ್ರದ ಅಕ್ಷರವನ್ನು ಶಕಟದಾಸನ ಮತ್ತೊಂದು ಬರಹದೊಡನೆ ಹೋಲಿಸುತ್ತಾರೆ, ಅಕ್ಷರ ಅವನದೇ. ಮುದ್ರೆಯನ್ನು ನೋಡುತ್ತಾರೆ, ಮುದ್ರೆ ರಾಕ್ಷಸನದೇ. ಶಕಟದಾಸನು ಹೆಂಡತಿ ಮಕ್ಕಳ ಆಸೆಗೆ ತನ್ನನ್ನು ಮಾರಿದನೋ ಎಂಬ ಸಂದೇಹ ರಾಕ್ಷಸನಿಗೇ ಬಂದುಬಿಡುತ್ತದೆ.

ಸಭಿಕರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕೆಂದು ನಮ್ಮ ಪ್ರಾರ್ಥನೆ. ಅಕ್ಷರ ನಿಜ, ಮುದ್ರೆ ನಿಜ, ಒಡವೆ ನಿಜ. ಖೋಟಾ ವಸ್ತುವೆಂಬುದು ಒಂದೂ ಇಲ್ಲ. ಆದರೂ ಇವೆಲ್ಲ ಸೇರಿ ಹೇಳುವುದು ಶುದ್ಧ ಸುಳ್ಳು. ಇದನ್ನು ಒಡೆಯುವ ದಾರಿ ಒಂದಿತ್ತು: ಶಕಟದಾಸನನ್ನೇ ಕರೆಯಿಸಿ, ‘ಇದನ್ನು ಯಾವಾಗ ಬರೆದೆ? ಯಾರು ಬರೆಯಿಸಿದರು?’ ಎಂದು ಕೇಳುವುದು. ಭಾಗುರಾಯಣನು ಅದನ್ನು ಜಾಣತನದಿಂದ ತಪ್ಪಿಸುತ್ತಾನೆ: ಅವನು ಒಪ್ಪುವವನಲ್ಲ, ಬೇರೆ ಬರಹವನ್ನು ತರಿಸಿ ಹೋಲಿಸಿದರೆ ಸಾಕು ಎನ್ನುತ್ತಾನೆ. ಮಲಯಕೇತು ಹ್ಞೂ ಎನ್ನುತ್ತಾನೆ. ಆ ಒಂದು ಪ್ರಶ್ನೆಯನ್ನು ಕೇಳದೆ ಬಿಟ್ಟ ಫಲವಾಗಿ ಐವರು ನಿರಪರಾಧಿಗಳ ಪ್ರಾಣ ಹೋಗುತ್ತದೆ. ಭೂಮಿಯನ್ನು ಬಯಸಿದರೆಂಬ ಮೂವರನ್ನು ಮಣ್ಣಿನಲ್ಲಿ ಹೂಳಿಸುತ್ತಾನೆ; ಆನೆಗಳನ್ನು ಬಯಸಿದರೆಂಬ ಇಬ್ಬರನ್ನು ಆನೆಗಳಿಂದ ತುಳಿಸುತ್ತಾನೆ. ಅವರ ಕಡೆಯ ಮಾತನ್ನು ಕೇಳಿದವರೇ ಇಲ್ಲ.

ರಾಕ್ಷಸನೇಕೆ ತನ್ನನ್ನು ಸಮರ್ಥಿಸಿಕೊಳ್ಳಲಾರದೆ ಹೋದನು? ಬುದ್ಧಿಯಲ್ಲಿ ಅವನೇನು ಕಡಿಮೆಯವನೇ? ನಮಗೆ ತೋರುವ ಕಾರಣವಿದು. ಪರ್ವತಕನ ಮೇಲೆ ತಾನು ವಿಷಕನ್ಯೆಯನ್ನು ಪ್ರಯೋಗಿಸಲಿಲ್ಲವೆಂದು ಅವನು ಹೇಳುತ್ತಾನೆ. ಅದು ಸತ್ಯ. ಆದರೆ ಆಕೆಯನ್ನು ಚಂದ್ರಗುಪ್ತನಿಗಾಗಿ ಕಳುಹಿಸಿದವನು ತಾನೇ ಎಂಬ ಉಳಿದರ್ಧ ಸತ್ಯವನ್ನು ಅವನು ಆ ಸಭೆಯಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ಮತ್ತಾರು ಕೊಂದರೆಂದರೆ ದೈವವನ್ನು ಕೇಳಬೇಕೆನ್ನುತ್ತಾನೆ. ಹೂತಿಟ್ಟ ಪಾಪವುಳ್ಳವನಿಗೆ ನಿರಪರಾಧಿಯಾದ ಕಡೆಯಲ್ಲಿಯೂ ನಾಲಿಗೆ ಏಳುವುದಿಲ್ಲ.

ಈಗ ಒಂದು ವಿಚಿತ್ರವನ್ನು ಗಮನಿಸಬೇಕು. ಕೌಟಿಲ್ಯನ ಹೆಸರಿನಲ್ಲಿರುವ ‘ಅರ್ಥಶಾಸ್ತ್ರ’ದ ತಾಳೆಯೋಲೆ ಪ್ರತಿಯನ್ನು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚುಮಾಡಿಸಿ ಲೋಕಕ್ಕೆ ಕೊಟ್ಟವರು ಕನ್ನಡನಾಡಿನ ವಿದ್ವಾಂಸರಾದ ಆರ್. ಶಾಮಶಾಸ್ತ್ರಿಗಳು. ಆ ಗ್ರಂಥದ ಕಾಲ ಕರ್ತೃತ್ವಗಳ ವಿಷಯದಲ್ಲಿ ಭಿನ್ನಾಭಿಪ್ರಾಯಗಳುಂಟು, ಅದಂತಿರಲಿ. ಅದರ ವ್ಯವಹಾರಪ್ರಕರಣದಲ್ಲಿ, ಗುಟ್ಟಾಗಿ, ಮನೆಯೊಳಗೆ, ರಾತ್ರಿಯಲ್ಲಿ, ಕಾಡಿನಲ್ಲಿ, ಮೋಸದಿಂದ ಮಾಡಿದ ವ್ಯವಹಾರಗಳನ್ನು ನ್ಯಾಯಾಧಿಕಾರಿಗಳು ಮಾನ್ಯ ಮಾಡಬಾರದೆಂಬ ವಿಧಿಯಿದೆ. ಮತ್ತೊಂದೆಡೆ, ಹಿಂಸೆಗೆ ಹೆದರಿ ಕಳ್ಳನಲ್ಲದವನೂ ‘ನಾನು ಕಳ್ಳ’ ಎಂದು ಒಪ್ಪಿಕೊಳ್ಳಬಹುದೆಂದು ಹೇಳಿ ಮಾಂಡವ್ಯ ಋಷಿಯ ದೃಷ್ಟಾಂತವನ್ನು ಕೊಟ್ಟು, ಪೂರ್ಣವಾದ ಸಾಕ್ಷ್ಯವಿಲ್ಲದೆ ದಂಡಿಸಬಾರದೆಂದು ಎಚ್ಚರಿಸಿದೆ. ಶಾಸ್ತ್ರದ ಕೌಟಿಲ್ಯನು ಯಾವುದನ್ನು ಬೇಡವೆಂದನೋ ಅದನ್ನೇ ನಾಟಕದ ಚಾಣಕ್ಯನು ಶತ್ರುವಿನ ಪಾಳೆಯದಲ್ಲಿ ಆಯುಧವನ್ನಾಗಿ ಮಾಡಿಕೊಂಡನು.

ಮಾಂಡವ್ಯನ ಪಾಠವನ್ನು ಇಂದಿನ ಕಾನೂನೂ ಮರೆತಿಲ್ಲ. ಆರೋಪಿಯು ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಅವನ ವಿರುದ್ಧ ರುಜುವಾತುಪಡಿಸತಕ್ಕದ್ದಲ್ಲವೆಂಬ ನಿಯಮ 1872ರ ಸಾಕ್ಷ್ಯ ಕಾಯಿದೆಯಲ್ಲಿತ್ತು. 2024ರ ಜುಲೈ 1ರಂದು ಅದರ ಸ್ಥಾನದಲ್ಲಿ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಆ ನಿಯಮ ಉಳಿದಿದೆ. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ಅದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ತೆರೆದ ನ್ಯಾಯಾಲಯದಲ್ಲಿಯೇ ವಿವರಿಸಬೇಕೆಂಬ ವಿಧಿಯೂ ನಮ್ಮ ಕ್ರಿಮಿನಲ್ ಪ್ರಕ್ರಿಯೆಯಲ್ಲಿ ಉಂಟು.

ಕಡೆಯ ಮಾತು ನಮ್ಮ ಮನೆಗಳಿಗೆ ಸಂಬಂಧಪಟ್ಟುದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕ, ಅಜ್ಜನ ಕಾಲದ ಜಮೀನುಪತ್ರ ಕನ್ನಡದಲ್ಲಿ, ಮೊಮ್ಮಗನ ಕಾಲದ ಕಾಗದ ಮಲಯಾಳದಲ್ಲಿ ಇರುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಮನೆಯ ಮಾತು ಒಂದು, ಕಚೇರಿಯ ಮಾತು ಇನ್ನೊಂದು. ಇಂಥ ಕಡೆಯಲ್ಲಿ ಯಾರೋ ತೋರಿಸಿದ ಗೆರೆಯ ಮೇಲೆ, ಒಳಗೇನಿದೆಯೆಂದು ತಿಳಿಯದೆ, ಸಹಿ ಹಾಕುವ ರೂಢಿ ಬೆಳೆಯುತ್ತದೆ. ಶಕಟದಾಸನು ಮಾಡಿದ್ದು ಇದನ್ನೇ ಅಲ್ಲವೇ? ಅವನ ಕೈಬರಹದಲ್ಲಿ ದೋಷವಿರಲಿಲ್ಲ. ಯಾರಿಗಾಗಿ ಬರೆಯುತ್ತಿದ್ದೇನೆಂದು ಕೇಳದಿದ್ದುದೇ ದೋಷ. ಆದುದರಿಂದ ತಾಯಂದಿರೂ ತಂದೆಗಳೂ ಕಾಗದವನ್ನು ಓದಿಸಿ, ಅರ್ಥವನ್ನು ತಿಳಿದು, ಆಮೇಲೆ ಸಹಿ ಮಾಡಬೇಕು. ಕುಂದುಕೊರತೆಯ ಅರ್ಜಿಯನ್ನು ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ನಮಗೆ ಕೊಟ್ಟಿದೆ. ಆ ಹಕ್ಕು ಬಳಸಿದರೆ ಉಳಿಯುತ್ತದೆ. ಮಕ್ಕಳು ಕನ್ನಡವನ್ನು ಚೆನ್ನಾಗಿ ಕಲಿಯಲಿ. ಜೊತೆಗೆ ಮಲಯಾಳವನ್ನೂ ಓದಿ ಬರೆಯುವಷ್ಟು ಕಲಿಯಲಿ. ನೆರೆಯ ನುಡಿಯನ್ನು ಕಲಿತರೆ ಮನೆಯ ನುಡಿಗೆ ಕುಂದಿಲ್ಲ. ಮನೆಯ ಪತ್ರಗಳಿಗೆ ರಕ್ಷಣೆಯುಂಟು.

ನಾಟಕದ ಕೊನೆಯಲ್ಲಿ ರಾಕ್ಷಸನು ಒಬ್ಬನೇ, ನಿರಾಯುಧನಾಗಿ, ವಧ್ಯಸ್ಥಾನಕ್ಕೆ ಬಂದು, ತನಗಾಗಿ ಶೂಲಕ್ಕೇರಲಿರುವ ಚಂದನದಾಸನನ್ನು ಬಿಡಿಸಲು ತನ್ನನ್ನೇ ಒಪ್ಪಿಸಿಕೊಳ್ಳುತ್ತಾನೆ. ಗೆಳೆಯನ ಹೆಂಡತಿ ಮಕ್ಕಳನ್ನು ಒಪ್ಪಿಸಲಾರೆನೆಂದು ಚಾಣಕ್ಯನ ಎದುರಿನಲ್ಲೇ ಹೇಳಿ ಸೆರೆಗೆ ಹೋದ ಆ ವರ್ತಕನೇ ಈ ನಾಟಕದಲ್ಲಿ ಕಳಂಕವಿಲ್ಲದ ಸಾಕ್ಷಿಯೆಂದು ನಮ್ಮ ಭಾವನೆ. ಅವನ ಪ್ರಾಣಕ್ಕಾಗಿ ರಾಕ್ಷಸನು ಮಂತ್ರಿಪದವಿಯನ್ನು ಒಪ್ಪುತ್ತಾನೆ. ಮಲಯಕೇತುವಿಗೂ ಬಿಡುಗಡೆಯಾಗಿ ತಂದೆಯ ನಾಡು ಮರಳಿ ದೊರೆಯುತ್ತದೆ. ಆಗ ಚಾಣಕ್ಯನು ಪತ್ರ, ಸಿದ್ಧಾರ್ಥಕ, ಮೂರು ಒಡವೆ, ಕ್ಷಪಣಕ, ಇವೆಲ್ಲ ತನ್ನ ತಂತ್ರವೇ ಎಂದು ಒಂದೊಂದಾಗಿ ಎಣಿಸಿ ಹೇಳುತ್ತಾನೆ. ಆ ಪಟ್ಟಿಯಲ್ಲಿ ಪರ್ವತಕನ ಕೊಲೆ ಬರುವುದಿಲ್ಲ. ಹೂತುಹೋದ ಮೂವರು, ತುಳಿಸಿಕೊಂಡ ಇಬ್ಬರು ರಾಜರ ಹೆಸರೂ ಬರುವುದಿಲ್ಲ. ರಾಜ್ಯ ನೆಲೆನಿಂತಿತೆಂದು ಎಲ್ಲರೂ ಸಂತೋಷಪಡುತ್ತಾರೆ. ಈ ನಾಟಕವನ್ನು ಪಾಠ ಹೇಳುವಾಗ ಪರ್ವತಕನ ಪಕ್ಷದಲ್ಲಿ ಒಂದು ವಾದವನ್ನು ಬರೆದು ತರುವಂತೆ ಮಕ್ಕಳಿಗೆ ಹೇಳಬೇಕೆಂದು ಶಿಕ್ಷಕಮಿತ್ರರಲ್ಲಿ ವಿನಂತಿಸಿಕೊಳ್ಳುತ್ತೇವೆ. ಇಂದು ಮನೆಗೆ ಹೋದ ಮೇಲೆ ತಾವೂ ಊಟದ ಹೊತ್ತಿನಲ್ಲಿ ಮಕ್ಕಳನ್ನು ಕೇಳಿ ನೋಡಬಹುದು: ಕಳುಹಿಸಿದವನು ಅಪರಾಧಿಯೋ, ತಿರುಗಿಸಿದವನು ಅಪರಾಧಿಯೋ?